ಮಾತು ಕತ್ತರಿಸುವವನು

ಜೀರುಂಡೆ ಅನ್ನುವುದು ಅವನಿಗೆ ಅಕ್ಕ ಇಟ್ಟ ಹೆಸರು. ಚಿಕ್ಕವನಿದ್ದಾಗ ಫ್ರಿಜ್ಜಿನ ಸದ್ದಿಗೆ ಶ್ರುತಿ ಹಿಡಿದು, ಮೂಗಿನಲ್ಲೇ ಗುಂಯ್‌ಗುಡುತ್ತ ಮನೆಯೆಲ್ಲ ಸುತ್ತುತ್ತಿದ್ದ. ಬಟ್ಟೆ ಹೊಲಿಯುತ್ತ ಕೂತ ಅಕ್ಕ, "ಲೋ ಜೀರುಂಡೆ, ತಲೆ ತಿನ್ಬೇಡ್ವೋ" ಎಂದು ಗದರುತ್ತಿದ್ದಳು. ಮುಂದೆ ಅದೇ ಹೆಸರು ಅವನ ಆಲ್ಬಮ್ಮುಗಳ ಮೇಲೆ ಅಚ್ಚಾಯಿತು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ.

ಅವನ ಕಸುಬೇ ಒಂದು ಥರ. ಹಾಡುವವರು ಬೇಡ, ಬಾರಿಸುವವರೂ ಬೇಡ. ನಲ್ಲಿ, ಲಿಫ್ಟು, ಬಾಗಿಲ ಕೀಲು, ಸಿಕ್ಕಿದ್ದಕ್ಕೆಲ್ಲ ಮೈಕು ಹಿಡಿದು, ಆ ಸದ್ದನ್ನು ಕಂಪ್ಯೂಟರಿಗೆ ಹಾಕಿ, ತುಂಡು ಮಾಡಿ, ಎಳೆದು, ಹಿಂಜಿ ಸಂಗೀತ ಮಾಡುತ್ತಾನೆ. ಮೊದಲ ಆಲ್ಬಮ್ಮಿನ ತಾಳವೆಲ್ಲ ಅಕ್ಕನ ಹೊಲಿಗೆ ಮಿಷನ್ನಿನದು. ಕ್ಲಬ್ಬುಗಳಲ್ಲಿ ಜನ ಮೈಮರೆತು ಕುಣಿದದ್ದು ಒಂದು ಹಳೆಯ ಪೆಡಲಿಗೆ ಎಂದರೆ ಯಾರೂ ನಂಬಲಿಕ್ಕಿಲ್ಲ.

ಕಟ್ಟುನಿಟ್ಟು ಒಂದೇ: ಮನುಷ್ಯರ ದನಿ ಕೂಡದು. ಕೆಮ್ಮು, ಉಸಿರು, ನಗು, ಏನೇ ಬಿದ್ದಿದ್ದರೂ ಕತ್ತರಿಸಿ ಎಸೆಯುವುದು. ಉಳಿದದ್ದನ್ನು ಅದೇ ಫೈಲಿನ ಮೇಲೆ ಸೇವ್ ಮಾಡುವುದು. ಮೂಲ ಪ್ರತಿ ಇಟ್ಟುಕೊಂಡರೆ ಮನಸ್ಸು ಹಿಂದಕ್ಕೆ ಜಗ್ಗುತ್ತದೆ ಅಂತ ಅವನ ವಾದ. ವಿಮರ್ಶಕರು ಇದನ್ನು ಶೈಲಿ ಎಂದು ಹೊಗಳಿದರು. ಹೊಗಳಿದ್ದೇ ತಡ, ಮಹಾಶಯ ಬದುಕಿಗೂ ಅದನ್ನೇ ಅನ್ವಯಿಸಿಕೊಂಡ. ಈಗ ಐವತ್ತೆರಡು ವರ್ಷ. ಇರುವುದು ಒಂದು ಕೋಣೆ, ಗೋಡೆಗೆಲ್ಲ ಸ್ಪಂಜು. ಬಾಗಿಲು ಹಾಕಿದರೆ ಬೀದಿಯ ಪಿಸುಮಾತೂ ಒಳಗೆ ಬರುವುದಿಲ್ಲ. ಫೋನು ಬಂದರೆ ಸಣ್ಣದೊಂದು ದೀಪ ಮಿನುಗುತ್ತದೆ, ಅಷ್ಟೆ. ಮಿನುಗುವುದೂ ಅಪರೂಪ. ಒಂಟಿತನ ಅವನನ್ನು ಕಾಡುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ; ಅದನ್ನು ಏಕಾಗ್ರತೆ ಎಂದು ಕರೆದುಕೊಂಡು ಕಾಲ ಹಾಕುತ್ತಿದ್ದ.

ಅವತ್ತು ಬೆಳಿಗ್ಗೆ ದೀಪ ಮಿನುಗಿತು. ಅಕ್ಕನ ಮಗಳು.

"ಮಾವ, ಅಮ್ಮಂಗೆ ಗಂಟಲು ಆಪರೇಷನ್ ಆಗಿ ತಿಂಗಳಾಯ್ತು. ನಿಂಗೆ ಹೇಳ್ಬೇಡ ಅಂದಿದ್ಲು, ಏನೋ ಕೆಲಸದಲ್ಲಿರ್ತಾನೆ ಅಂತ."

"ಈಗ ಹೇಗಿದಾಳೆ? ಕೊಡು ಅವ್ಳಿಗೆ ಫೋನು."

"ಕೊಟ್ಟು ಏನ್ಮಾಡ್ಲಿ ಮಾವ? ಧ್ವನಿಪೆಟ್ಟಿಗೇನೇ ತೆಗೆದ್ಬಿಟ್ರು. ಇನ್ನು ಅವಳಿಗೆ ಮಾತಿಲ್ಲ."

ಹುಡುಗಿಯೇ ಮುಂದುವರಿಸಿದಳು.

"ಹಳೇ ರೆಕಾರ್ಡಿಂಗ್ ಇದ್ರೆ ಅದರಿಂದ ಅವಳದೇ ದನಿ ಮಾಡಿ ಫೋನಿಗೆ ಹಾಕ್ಕೊಡ್ತಾರಂತೆ. ಟೈಪ್ ಮಾಡಿದ್ರೆ ಅವಳ ದನೀಲೇ ಮಾತಾಡುತ್ತಂತೆ. ನಮ್ಮ ಹತ್ರ ಏನೂ ಇಲ್ಲ ಮಾವ, ವಿಡಿಯೋ ಅಂದ್ರೆ ಓಡಿಹೋಗ್ತಿದ್ಲು. ಆಪರೇಷನ್ನಿಗೆ ಮುಂಚೆ ಮಾಡ್ಕೊಳೋಣ ಅಂದ್ರೆ ಆಗ್ಲೇ ದನಿ ಒಡೆದುಹೋಗಿತ್ತು. ನೀನು ವರ್ಷಗಟ್ಲೆ ಅವಳ ಪಕ್ಕದಲ್ಲಿ ಮೈಕ್ ಇಟ್ಕೊಂಡು ಕೂತಿದ್ಯಲ್ಲ. ಅಮ್ಮಾನೇ ಬರೆದುಕೊಟ್ಲು, ಜೀರುಂಡೆ ಹತ್ರ ಇರುತ್ತೆ ಕೇಳು ಅಂತ."

"ಇರುತ್ತೆ," ಅಂದುಬಿಟ್ಟ. "ಹುಡುಕಿ ತಗೊಂಡ್ಬರ್ತೀನಿ."

ಇಲ್ಲ ಅನ್ನಲು ಅವನಿಗೆ ನಾಲಿಗೆ ಹೊರಳಲಿಲ್ಲ.

ನಾಲ್ಕು ದಿನ ಹಾರ್ಡ್ ಡಿಸ್ಕುಗಳನ್ನೆಲ್ಲ ಜಾಲಾಡಿದ. ಹೊಲಿಗೆ ಮಿಷನ್ ಬೇಕಾದಷ್ಟಿತ್ತು. ನಡುನಡುವೆ ಆ ಸದ್ದು ಕೂದಲೆಳೆಯಷ್ಟು ನೆಗೆಯುತ್ತಿತ್ತು. ಅವನೊಬ್ಬನ ಕಿವಿಗೇ ತಿಳಿಯುವಂಥ ಜೋಡಣೆ. ಅಲ್ಲೆಲ್ಲ ಅಕ್ಕ ಏನೋ ಹೇಳಿದ್ದಳು. ಊಟಕ್ಕೆ ಕರೆದಿದ್ದಳೋ, ಬೈದಿದ್ದಳೋ, ದಾರ ತುಂಡಾಯಿತೆಂದು ಗೊಣಗಿದ್ದಳೋ. ಎಷ್ಟು ಚೊಕ್ಕವಾಗಿ ಕತ್ತರಿಸಿದ್ದನೆಂದರೆ ಒಂದು ಅಕ್ಷರದ ಬಾಲವೂ ಉಳಿದಿರಲಿಲ್ಲ. ಪಳಗಿದ ತನ್ನ ಕೈಗೆ ಅವನು ಮೊದಲ ಸಲ ಶಾಪ ಹಾಕಿದ.

ಐದನೆಯ ದಿನ ಚಪ್ಪಲಿ ಡಬ್ಬದಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. ಕಂಪ್ಯೂಟರಿಗೆ ಹಾಕದೆ ಬಿಟ್ಟದ್ದು. ಅಂದರೆ ಕತ್ತರಿ ಬೀಳದ್ದು. ಮೇಲೆ ಅವನದೇ ಅಕ್ಷರ: 'ಅಕ್ಕನ ಮಿಷನ್, ನಲವತ್ತು ನಿಮಿಷ'. ಹಳೆಯ ಪ್ಲೇಯರಿಗೆ ಹಾಕಿ ಗುಂಡಿ ಒತ್ತಿದ.

ಕುರ್ಚಿ ಎಳೆದ ಸದ್ದು. ಆಮೇಲೆ ಅಕ್ಕ, ಇಪ್ಪತ್ತೈದು ವರ್ಷ ಹಿಂದಿನ ತುಂಬುದನಿಯಲ್ಲಿ: "ಲೋ..."

"ಶ್!" ಎಂದಿತು ಇನ್ನೊಂದು ದನಿ. ಅದು ಅವನದೇ. "ಸುಮ್ನಿರೇ ಅಕ್ಕ, ಒಂದ್ಸಲ ಹೇಳಿದ್ರೆ ಗೊತ್ತಾಗಲ್ವಾ? ನಿನ್ನ ದನಿ ಬಿದ್ರೆ ಎಲ್ಲಾ ಹಾಳು."

ಮುಂದಕ್ಕೆ ಬರೀ ಮಿಷನ್. ಅವನು ಸ್ಪೀಕರಿಗೆ ಕಿವಿ ಹಚ್ಚಿ ಕೂತ. ದಾರ ಕಚ್ಚಿ ತುಂಡುಮಾಡಿದಳು. ಬಟ್ಟೆ ಮಗುಚಿದಳು. ಒಮ್ಮೆ ಕೆಮ್ಮು ಬಂದದ್ದು ಮೂಗಿನಲ್ಲೇ ಅಡಗಿತು. ನಲವತ್ತು ನಿಮಿಷ, ತಮ್ಮ ಹೇಳಿದ ಅಂತ, ತುಟಿ ಪಿಟಿಕ್ಕೆನ್ನಲಿಲ್ಲ ಅವಳು.

ಕ್ಯಾಸೆಟ್ಟನ್ನೂ ಹಳೆಯ ಪ್ಲೇಯರನ್ನೂ ಚೀಲಕ್ಕೆ ಹಾಕಿಕೊಂಡು ಮರುದಿನ ಅಕ್ಕನ ಮನೆಗೆ ಹೋದ. ಕೊರಳಿಗೆ ತೆಳು ಬಟ್ಟೆ ಸುತ್ತಿಕೊಂಡು ಅವಳು ಕಿಟಕಿ ಪಕ್ಕ ಕೂತಿದ್ದಳು, ಅರ್ಧಕ್ಕರ್ಧ ಇಳಿದಿದ್ದಳು. ತಮ್ಮನನ್ನು ಕಂಡು ಮುಖ ಅರಳಿತು. ಫೋನು ತೆಗೆದು ಏನೋ ಒತ್ತಿದಳು.

"ಊಟ ಆಯಿತೇ," ಎಂದಿತು ಫೋನು.

ಹುಟ್ಟಿದಾಗಿನಿಂದ ಅಕ್ಕ ಹಾಗೆ ಕೇಳಿದವಳಲ್ಲ. ಯಾವಳೋ ಗುರುತಿಲ್ಲದವಳ ದನಿ. ಉಸಿರಿಲ್ಲ, ಕೊಸರಿಲ್ಲ, ಅತ್ತಿತ್ತ ಒಂದು ಚೂರು ಕಸವಿಲ್ಲ. ಆಯುಷ್ಯವಿಡೀ ಅವನು ಬೇಕೆಂದು ಹಟ ಹಿಡಿದದ್ದು ಇಂಥದೇ ಸದ್ದು. ಈಗ ಕೇಳಲಾಗಲಿಲ್ಲ.

"ಏನೂ ಉಳಿದಿಲ್ಲ ಅಕ್ಕ," ಅಂದ. "ಎಲ್ಲಾ ನಾನೇ ಕತ್ತರಿಸಿ ಬಿಸಾಕಿದೀನಿ. ಒಂದೇ ಒಂದು 'ಲೋ' ಇದೆ."

ಅಕ್ಕನ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಅಕ್ಕ ಮಾತ್ರ ಕೈ ಚಾಚಿದಳು, ಕೊಡು ಅನ್ನುವಂತೆ. ಅವನು ಅವಳ ಕಿವಿಗೆ ಹೆಡ್‌ಫೋನ್ ಇಟ್ಟು ಗುಂಡಿ ಒತ್ತಿದ.

ತನ್ನ 'ಲೋ' ಕೇಳಿದಾಗ ಅವಳ ಕಣ್ಣು ದೊಡ್ಡದಾಯಿತು. ತಮ್ಮ ಗದರಿದ್ದು ಬಂದಿರಬೇಕು, ಭುಜ ಕುಲುಕಿಸಿ ಸದ್ದಿಲ್ಲದೆ ನಕ್ಕಳು. ಆಮೇಲೆ ಕಣ್ಣು ಮುಚ್ಚಿದಳು. ಅವಳ ಬಲಪಾದ ನೆಲದ ಮೇಲೆ ಪೆಡಲು ತುಳಿಯತೊಡಗಿತು.

ಜೀರುಂಡೆಗೆ ತಡೆಯಲಾಗಲಿಲ್ಲ. "ತಪ್ಪಾಯ್ತು ಅಕ್ಕ. ಅವತ್ತು ನಾನು..."

ಅಕ್ಕ ಕಣ್ಣು ತೆರೆಯದೆಯೇ ತುಟಿಯ ಮೇಲೆ ಬೆರಳಿಟ್ಟುಕೊಂಡಳು.

ಕ್ಯಾಸೆಟ್ಟಿನಲ್ಲಿ ಇನ್ನೂ ಮೂವತ್ತೆಂಟು ನಿಮಿಷ ಬಾಕಿಯಿತ್ತು. ಅವನು ಬಾಯಿ ಮುಚ್ಚಿಕೊಂಡು ಎದುರಿಗೆ ಕೂತ. ಸ್ವಲ್ಪ ಹೊತ್ತಿಗೆ ಕೆಮ್ಮು ಬಂತು, ಅದನ್ನೂ ತಡೆದುಕೊಂಡ.