ಡಬ್ಬದ ತಳದ ಚೂರು

ಅಡುಗೆಗೆ ಹಾಕುವ ಉಪ್ಪನ್ನು ಚಿಟಿಕೆಗೆ ಇಳಿಸಿ ಏಳು ತಿಂಗಳಾಗಿತ್ತು. ಆದರೂ ಆ ಮನೆಯಾಕೆಯ ಬಿ.ಪಿ. ಇಳಿದಿರಲಿಲ್ಲ.

ಆಕೆ ದರ್ಜಿ. ಏಳು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಂಗಿಯ ತೋಳು ಕತ್ತರಿಸುತ್ತಿದ್ದಾಗ ಕತ್ತರಿ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಬಲಗೈ ಮೇಲೇಳಲಿಲ್ಲ. ಬಿ.ಪಿ. ಏರಿ ಪಾರ್ಶ್ವವಾಯು ಹೊಡೆದಿದೆ ಎಂದರು ಆಸ್ಪತ್ರೆಯಲ್ಲಿ. ಇನ್ನೊಮ್ಮೆ ಹೀಗಾದರೆ ಜೀವಕ್ಕೇ ಕುತ್ತು ಬರಬಹುದು, ಮಾತ್ರೆ ತಪ್ಪಿಸಬೇಡಿ, ಉಪ್ಪು ಮತ್ತು ಕರಿದ ತಿಂಡಿ ದೂರವಿಡಿ ಎಂದು ಹೇಳಿ ಕಳಿಸಿದರು.

ಮಾತ್ರೆ ಒಂದು ದಿನವೂ ತಪ್ಪಿರಲಿಲ್ಲ. ಸೋಮವಾರ ಮನೆಗೆ ಬಂದ ಆರೋಗ್ಯ ಕೇಂದ್ರದ ನರ್ಸ್ ತೋಳಿಗೆ ಪಟ್ಟಿ ಸುತ್ತಿ ಎರಡು ಸಲ ಅಳೆದರು. ಎರಡು ಸಲವೂ ಅಂಕೆ ಮೇಲೆಯೇ ನಿಂತಿತು. ಏನೇನು ತಿನ್ನುತ್ತೀರಿ ಎಂದು ಕೇಳಿದ್ದಕ್ಕೆ ಗಂಡ ಬೆಳಗಿನಿಂದ ರಾತ್ರಿಯವರೆಗಿನದನ್ನು ಪಾಠ ಒಪ್ಪಿಸುವಂತೆ ಒಪ್ಪಿಸಿದ. ಎಲ್ಲವೂ ಸಪ್ಪೆ. ನರ್ಸ್ ಕಣ್ಣು ಟಿ.ವಿ. ಪಕ್ಕದ ಖಾಲಿ ಡಬ್ಬದ ಮೇಲೆ ಬಿತ್ತು.

"ಇದರಲ್ಲೇನಿತ್ತು ಅಣ್ಣ?"

"ಅದು ಊಟ ಅಲ್ಲ ಸಿಸ್ಟರ್. ಸಿನಿಮಾದ್ದು."

ಗಂಡ ಚಿಪ್ಸ್ ಅಂಗಡಿಯ ಬಾಣಲೆಯ ಮುಂದೆ ಇಪ್ಪತ್ತೆರಡು ವರ್ಷ ನಿಂತವನು. ಶನಿವಾರ ಅಂಗಡಿಯ ಡಬ್ಬಗಳನ್ನು ಖಾಲಿ ಮಾಡಿದಾಗ ತಳದಲ್ಲಿ ಉಳಿದ ಚೂರೆಲ್ಲ ಕೆಲಸದವರ ಪಾಲು. ಭಾನುವಾರ ಸಂಜೆ ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು ಸಿನಿಮಾ ಹಾಕಿಕೊಂಡು ಕೂತರೆ, ಕಥೆ ಮುಗಿಯುವಷ್ಟರಲ್ಲಿ ಚೂರೂ ಮುಗಿಯುತ್ತಿತ್ತು. ಊಟದ ಹೊತ್ತಿನದಲ್ಲವಾದ್ದರಿಂದ ಅದನ್ನು ಯಾರೂ ತಿಂದದ್ದೆಂದೇ ಎಣಿಸಿರಲಿಲ್ಲ.

ಈ ಚೂರಿನಿಂದಲೇ ಬಿ.ಪಿ. ಇಳಿಯುತ್ತಿಲ್ಲ ಎಂದು ನರ್ಸ್ ಬಿಡಿಸಿ ಹೇಳಿದಾಗ ಗಂಡನಿಗೆ ಸಿಟ್ಟು ಬಂತು. ತನ್ನ ಕೈಯಲ್ಲಿ ಕರಿದದ್ದನ್ನು ಇಡೀ ಪೇಟೆಯೇ ತಿನ್ನುತ್ತದೆ, ಯಾರ ಕೈ ಬಿದ್ದಿದೆ ತೋರಿಸಿ ಎಂದ.

"ಪೇಟೆಯವರು ತಿನ್ನೋದೂ ಒಳ್ಳೇದಲ್ಲ, ಆ ಮಾತು ಬೇರೆ," ಎಂದರು ನರ್ಸ್. "ಅವರದು ಮೇಲಿನದು. ನೀವು ತಿನ್ನೋದು ತಳದ್ದು. ಕರಿಯೋರು ನೀವು. ಉಪ್ಪು ಎಲ್ಲಿ ಹೋಗಿ ಕೂರುತ್ತೆ, ನೀವೇ ಹೇಳಿ."

ಗಂಡ ಡಬ್ಬದೊಳಗೆ ಬೆರಳಾಡಿಸಿ ನಾಲಿಗೆಗೆ ಇಟ್ಟುಕೊಂಡ. ಮುಖ ಸಣ್ಣದಾಯಿತು.

"ಮೇಲಿಂದ ಉದುರಿಸ್ತೀವಿ," ಎಂದ ಮೆಲ್ಲಗೆ. "ಅಲ್ಲಾಡಿಸಿದ ಹಾಗೆಲ್ಲ ಕೆಳಗಿಳಿಯುತ್ತೆ."

ಎಣ್ಣೆ ಎಷ್ಟು ಸಲ ಕಾದದ್ದು ಎಂದು ನರ್ಸ್ ಕೇಳಲಿಲ್ಲ. ಅಂಗಡಿಯ ಎಣ್ಣೆ ಮತ್ತೆ ಮತ್ತೆ ಕಾದದ್ದೆಂದು ಅವರಿಗೆ ಗೊತ್ತಿತ್ತು.

ಆಗ ದರ್ಜಿ ಬಾಯಿ ತೆರೆದಳು. "ಕೆಲಸ ಹೋಯ್ತು. ಊಟದ ರುಚಿ ಹೋಯ್ತು. ವಾರಕ್ಕೊಂದು ಸಿನಿಮಾ ಉಳಿದಿತ್ತು. ಅದಕ್ಕೂ ಕೈ ಹಾಕಿದ್ರಲ್ಲ ಸಿಸ್ಟರ್."

"ಸಿನಿಮಾ ಬಿಡಬೇಡಿ ಅಕ್ಕ. ಬಟ್ಟಲಲ್ಲಿರೋದನ್ನ ಬದಲಾಯಿಸಿ."

ಅವರು ಹೇಳಿಕೊಟ್ಟದ್ದು ಇಷ್ಟೇ: ಕ್ಯಾರೆಟ್, ಹೂಕೋಸು, ಸಿಹಿಗುಂಬಳ, ದಪ್ಪ ಮೆಣಸಿನಕಾಯಿ ತೊಳೆದು ಬೆರಳುದ್ದ ಹೆಚ್ಚಿ, ನೀರು ಒರೆಸಿ. ಎರಡು ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ ಸವರಿ. ದಪ್ಪ ತವಾದ ಮೇಲೆ ಒಂದೇ ಪದರವಾಗಿ ಹರಡಿ, ಮುಚ್ಚದೆ, ಹದ ಉರಿಯಲ್ಲಿ ಅಂಚು ಕೆಂಪಾಗುವವರೆಗೆ ಹುರಿಯಿರಿ. ಇಳಿಸಿದ ಮೇಲೆ ನಿಂಬೆರಸ. ಉಪ್ಪು ಬೇಡ.

ಭಾನುವಾರ ಗಂಡ ಎಲ್ಲವನ್ನೂ ಒಟ್ಟಿಗೆ ಸುರಿದ. ಬಾಣಲೆಯ ಅಭ್ಯಾಸ. ತರಕಾರಿ ನೀರು ಬಿಟ್ಟು ಮೆತ್ತಗಾಯಿತು.

"ಅಪ್ಪ, ಇದು ಸಿನಿಮಾಕ್ಕಾ, ಹಲ್ಲಿಲ್ಲದೋರಿಗಾ?" ಎಂದಳು ಮಗಳು.

ಅವನು ಮತ್ತೆ ತರಕಾರಿ ಹೆಚ್ಚಿದ. ಈ ಸಲ ಬಿಡಿಬಿಡಿಯಾಗಿ ಹರಡಿದ. ಬೆಳ್ಳುಳ್ಳಿಯ ಘಮ ಎದ್ದಾಗ ಅವನ ಬಲಗೈ ತಾನಾಗಿಯೇ ಉಪ್ಪು ಹಿಡಿದು ತವಾದ ಮೇಲೆ ಎದ್ದಿತ್ತು. ಮಗಳು ಮಣಿಕಟ್ಟು ಹಿಡಿದುಕೊಂಡಳು. ಆಮೇಲೆ ಅವನು ಉಪ್ಪನ್ನು ಮರಳಿ ಭರಣಿಗೆ ಹಾಕಿದ.

ದರ್ಜಿ ಎಡಗೈಯಿಂದ ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಇನ್ನೊಂದು ತೆಗೆದುಕೊಂಡಳು.

"ಚೆನ್ನಾಗಿದೆ ರೀ," ಎಂದಳು. ಸಿನಿಮಾದಲ್ಲಿ ಯಾರೋ ನಗುತ್ತಿದ್ದರು. "ಇಷ್ಟು ಸುಲಭ ಇತ್ತಾ ಇದು?"

ಗಂಡ ಬಟ್ಟಲನ್ನು ಅವಳ ಎಡಗೈ ಹತ್ತಿರಕ್ಕೆ ಸರಿಸಿದ.

ಶನಿವಾರದ ಚೂರು ಆ ಮನೆಗೆ ಮತ್ತೆ ಬರಲಿಲ್ಲ. ಮೂರು ತಿಂಗಳಲ್ಲಿ ಬಿ.ಪಿ. ಹತೋಟಿಗೆ ಬಂತು. ಬಲಗೈಗೆ ಮಾತ್ರ ಶಕ್ತಿ ಮರಳಲಿಲ್ಲ. ಹೊಲಿಗೆ ಯಂತ್ರದ ಮೇಲೆ ಈಗ ಮಗಳ ಪುಸ್ತಕಗಳಿವೆ.

ಓದುತ್ತಿರುವ ನೀವು ನಿಮ್ಮ ಮನೆಯ ಟಿ.ವಿ. ಪಕ್ಕ ಒಮ್ಮೆ ನೋಡಿ. ಊಟವೆಂದು ಎಣಿಸದೆ ತಿನ್ನುತ್ತಿರುವುದೇನು? ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಬಿ.ಪಿ. ಅಳೆಸಿಕೊಳ್ಳಿ. ಈ ವಾರದ ಸಿನಿಮಾಕ್ಕೆ ತರಕಾರಿ ಹುರಿಯಿರಿ. ಆ ಮನೆಯವರು ಕಲಿತರು, ನಿಜ. ಆದರೆ ತಡವಾಗಿ ಕಲಿತರು. ನಿಮಗೆ ಇನ್ನೂ ಸಮಯವಿದೆ.