ಮರದ ಬುಡದ ರಾಶಿ

ಮೇಸ್ತ್ರಿಯಮ್ಮ ಹಿತ್ತಿಲ ಕಲ್ಲಿಗೆ ನೀರು ಚಿಮುಕಿಸಿಕೊಂಡು ಎರಡನೆಯ ಕತ್ತಿ ಮಸೆಯುತ್ತಿದ್ದಳು.

"ಬೆಳಿಗ್ಗೆ ಬೆಳಿಗ್ಗೆನೇ ಯಾರ ಮೇಲೆ ಕತ್ತಿ ಮಸೀತಿದೀಯೆ?" ಎಂದಳು ಹೊಸ್ತಿಲ ಮೇಲೆ ಕೂತಿದ್ದ ಅತ್ತೆ.

"ಪೊದೆ ಮೇಲೆ."

"ಕಿರಿಯವಳನ್ನ ನೋಡು, ಆಗಲೇ ಕಾಡಿಗೆ ಹೋಗಾಯ್ತು."

ಕಿರಿಯವಳೆಂದರೆ ಮೈದುನನ ಹೆಂಡತಿ. ವಾರಗಿತ್ತಿಗೆ ಕಾಡಿನ ಕೆಲಸ ಕಲಿಸಿದವಳೇ ಮೇಸ್ತ್ರಿಯಮ್ಮ. ಒತ್ತಾಗಿ ಬೆಳೆದ ಎಳೆ ಮರ ಕಡಿಯುವುದು, ಕೈಗೆಟುಕುವ ಕೊಂಬೆ ಸವರುವುದು, ಕಾಡು ಇನ್ನೂ ತಂಪಾಗಿರುವಾಗಲೇ ತರಗೆಲೆಯನ್ನು ತಾವೇ ಸುಟ್ಟುಬಿಡುವುದು. ಹಾಗೆ ಮಾಡಿಟ್ಟರೆ ಬೇಸಿಗೆಯಲ್ಲಿ ಬೆಂಕಿ ಬಿದ್ದರೂ ನೆಲದಲ್ಲೇ ತೆವಳಿಕೊಂಡು ಹೋಗುತ್ತದೆ, ಮರ ಹತ್ತುವುದಿಲ್ಲ. ಈಗ ಕಲಿತವಳು ಕಲಿಸಿದವಳನ್ನೇ ಮೀರಿಸಿದ್ದಳು. ಆಳುಗಳು ಅವಳ ಮುಖ ನೋಡಿಯೇ ಕೆಲಸ ಶುರು ಮಾಡುತ್ತಿದ್ದರು. ಅದನ್ನು ಕಂಡಾಗಲೆಲ್ಲ ಮೇಸ್ತ್ರಿಯಮ್ಮ ಇಲ್ಲದ ತಪ್ಪು ಹುಡುಕಿ ಆಳುಗಳ ಮೇಲೆ ರೇಗುತ್ತಿದ್ದಳು.

ಅವಳ ಮಂಡಿ ಊದಿಕೊಂಡಾಗ ಅರಣ್ಯ ಇಲಾಖೆಯ ರೇಂಜರು, "ನಿಮ್ಮ ನಂತರ ತಂಡ ಯಾರ ಕೈಗೆ ಕೊಡೋಣ, ನೀವೇ ಬರೆದು ಕಳಿಸಿ" ಎಂದಿದ್ದರು. ಬರೆದಾಗಿತ್ತು. ಕಿರಿಯವಳದ್ದು ಬಿಟ್ಟು ಬರೆಯಲು ಬೇರೆ ಹೆಸರಾದರೂ ಎಲ್ಲಿತ್ತು? ಆದರೆ ಮಳೆಗಾಲ ಮುಗಿದು ಚಳಿ ಕಳೆಯುತ್ತ ಬಂದರೂ ಲಕೋಟೆ ಪೆಟ್ಟಿಗೆಯಲ್ಲಿ ಸೀರೆಯ ಮಡಿಕೆಯೊಳಗೇ ಇತ್ತು.

ಈ ಸಲ ಇಳಿಜಾರನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡಿದ್ದರು. ಮಂಡಿನೋವು ನುಂಗಿಕೊಂಡು ಮೇಸ್ತ್ರಿಯಮ್ಮ ತನ್ನ ಪಾಲನ್ನು ಮೊದಲೇ ಮುಗಿಸಿದ್ದಳು. ಮುಗಿಸುವ ಹಟದಲ್ಲಿ, ಕಡಿದ ಸೊಪ್ಪು ಸದೆಯನ್ನು ಬಯಲಿಗೆ ಎಳೆಸದೆ ದೊಡ್ಡ ಮರಗಳ ಬುಡಕ್ಕೇ ಒಟ್ಟಿಸಿಬಿಟ್ಟಿದ್ದಳು.

ಇವತ್ತು ಸುಡುವ ದಿನ. ಅವಳು ಕುಂಟುತ್ತ ಇಳಿಜಾರು ತಲುಪುವಾಗ ನೀರಿನ ಪಂಪು ಬಂದು ನಿಂತಿತ್ತು. ಕಿರಿಯವಳು ಎಣ್ಣೆಯ ಡಬ್ಬಿ ಹಿಡಿದು ರಾಶಿಯ ಮುಂದೆ ನಿಂತಿದ್ದಳು.

"ಇದೇನಕ್ಕ, ಮರದ ಕೆಳಗೆ ಒಲೆ ಹೂಡಿದ್ದೀರಲ್ಲ."

ಆಳುಗಳು ನಕ್ಕರು.

"ಹಸಿ ಸೊಪ್ಪು ಅದು, ಹತ್ತಲ್ಲ. ನೀನು ತರಗೆಲೆಗೆ ಹಚ್ಚು" ಎಂದಳು ಮೇಸ್ತ್ರಿಯಮ್ಮ.

ಕಿರಿಯವಳು ರಾಶಿಯಿಂದ ಒಂದು ಕಡ್ಡಿ ಎಳೆದು ಮುರಿದಳು. ಲಟ್ಟೆಂದಿತು, ಪೂರಾ ಒಣಗಿತ್ತು.

"ಇವತ್ತು ಬಿಟ್ರೆ ಇಂಥ ಗಾಳಿ ಮತ್ತೆ ಯಾವಾಗಲೋ" ಎಂದ ಪಂಪಿನವನು.

"ಯಾವಾಗಲೋ ಬರಲಿ. ಇದನ್ನ ತೆಗೆಯೋವರೆಗೆ ನಾನು ಹಚ್ಚಲ್ಲ." ಡಬ್ಬಿ ಕೆಳಗಿಟ್ಟು ಅವಳೇ ರಾಶಿಗೆ ಕೈ ಹಾಕಿದಳು.

ಒಲ್ಲದ ಮನಸ್ಸಿನಿಂದ ಎಲ್ಲರೂ ಎಳೆದರು. ಅಷ್ಟರಲ್ಲಿ ಗಾಳಿ ತಿರುಗಿತು, ಸುಡುವ ಕೆಲಸ ನಿಂತಿತು. ಕಿರಿಯವಳ ಪುಕ್ಕಲುತನಕ್ಕೆ ಒಂದು ದಿನ ಹಾಳಾಯಿತೆಂದು ಆಳುಗಳು ಗೊಣಗಿದರು. ಅದು ಮೇಸ್ತ್ರಿಯಮ್ಮನ ಕಿವಿಗೆ ಜೇನಿನಂತೆ ಇಳಿಯಿತು.

ರೇಂಜರ ಫೋನ್ ಬಂತು. "ನಮ್ಮ ತಯಾರಿ ಮುಗಿದಿರಲಿಲ್ಲ ಸರ್" ಎಂದಳು ಕಿರಿಯವಳು. ಯಾರ ಪಾಲು, ಯಾರ ರಾಶಿ, ಒಂದೂ ಹೇಳಲಿಲ್ಲ.

ಮೇಸ್ತ್ರಿಯಮ್ಮನ ಬಾಯಿ ಕಹಿಯಾಯಿತು. ಅಷ್ಟು ಜನ ನೋಡುತ್ತಿರುವಾಗ ನಾನಾಗಿದ್ದರೆ ಹಚ್ಚಿಬಿಡುತ್ತಿದ್ದೆ, ಮರ ಹೊತ್ತಿಕೊಂಡರೆ ಗಾಳಿಯನ್ನು ಬೈಯುತ್ತಿದ್ದೆ. ಡಬ್ಬಿ ಕೆಳಗಿಡುವುದನ್ನಾದರೂ ನಾನೇ ಕಲಿಸಿದ್ದೆ ಎನ್ನೋಣವೆಂದರೆ, ಕಲಿಸಿರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಮನೆಗೆ ಬಂದರೆ ಅತ್ತೆ, "ಕಿರಿಯವಳನ್ನ ನೋಡು, ಕೈಯೆಲ್ಲಾ ತರಚಿಕೊಂಡಿದಾಳೆ" ಎಂದಳು.

"ದಿನವಿಡೀ ಅವಳನ್ನೇ ನೋಡಿದೀನಿ ಅತ್ತೆ. ಸಾಕು." ಕಾಲು ತೊಳೆಯದೆ ಪೆಟ್ಟಿಗೆ ತೆಗೆದಳು.

ಅಂಚೆಯವನು ಕಿಟಕಿ ಮುಚ್ಚುವುದರಲ್ಲಿದ್ದ. ಲಕೋಟೆಯನ್ನು ತಿರುಗಿಸಿ ನೋಡಿದ. "ಬಣ್ಣವೇ ಹೋಗಿದೆಯಲ್ಲಮ್ಮ. ಹೊಸದು ಕೊಡ್ಲಾ? ನಾಳೆ ಬರೆದು ತನ್ನಿ."

"ನಾಳೆ ಅಂದ್ರೆ ನಾನು ಬರಲ್ಲಪ್ಪ, ನನಗೆ ಗೊತ್ತು. ಇದಕ್ಕೇ ಮುದ್ರೆ ಒತ್ತು."

ಅವನು ಮುದ್ರೆ ಒತ್ತಿ ಲಕೋಟೆಯನ್ನು ಚೀಲಕ್ಕೆ ಎಸೆದ. ಚೀಲದ ಬಾಯಿ ಕಟ್ಟುವವರೆಗೂ ಮೇಸ್ತ್ರಿಯಮ್ಮ ಕಿಟಕಿ ಬಿಟ್ಟು ಕದಲಲಿಲ್ಲ.