ಗೊರಕೆ ಹೊಡೆದರೆ ಪಾಸು

ನಮ್ಮಪ್ಪ ಕಾರ್ಬುರೇಟರ್ ಆರಿಸುವುದು ಕಣ್ಣು ಮುಚ್ಚಿಕೊಂಡು. ತಮಾಷೆಗೆ ಹೇಳುತ್ತಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಆ ಹೊಸ ಭಾಗವನ್ನು ಎಂಜಿನ್ನಿಗೆ ಕೂರಿಸಿ, ಮುಂದಿನ ಸೀಟಿಗೆ ಒರಗಿ ಕೂತುಬಿಡುತ್ತಾರೆ. ನಾನು ಊರೆಲ್ಲ ಸುತ್ತಿಸಬೇಕು. ಸಿಗ್ನಲ್ಲಿನಲ್ಲಿ ಎಂಜಿನ್ ಮುಗ್ಗರಿಸಿದರೆ, ವೇಗ ಹಿಡಿಯುವಾಗ ಕೆಮ್ಮಿದರೆ ಅವರಿಗೆ ಎಚ್ಚರವಾಗುತ್ತದೆ. ಗೊರಕೆ ಹೊಡೆದರೆ ಪಾಸು. ನಮ್ಮ ಗ್ಯಾರೇಜಿನಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಅಮ್ಮ ತೀರಿಕೊಂಡ ಮೇಲೆ ಯಾವುದೂ ಪಾಸಾಗಲಿಲ್ಲ.

ಈ ಸಲದ ಕಾರು ನನ್ನದೇ. ಎಂಜಿನ್ ಬಿಚ್ಚಿ, ಒಳಗಿನದೆಲ್ಲ ಬದಲಿಸಿ ಚುರುಕು ಮಾಡಿದ್ದೆ. ಮೊದಲು ದೊಡ್ಡ ಬಾಯಿಯ ಕಾರ್ಬುರೇಟರ್ ಹಾಕಿದೆ. ಖಾಲಿ ರಸ್ತೆಯಲ್ಲಿ ಹಾರಿತು. ತರಕಾರಿ ಅಂಗಡಿಯ ಮುಂದೆ ನಿಧಾನಿಸಿದ್ದೇ ತಡ, ಉಸಿರುಕಟ್ಟಿ ನಿಂತಿತು.

“ಬೀದೀಲಿ ಓಡೋ ಗಾಡಿಗೆ ಅಷ್ಟು ದೊಡ್ಡ ಬಾಯಿ ಯಾಕೆ ಮಗಳೇ? ನೀನೊಬ್ಬಳು ಸಾಲ್ದಾ?” ಅಂದರು ಅಪ್ಪ.

ಚಿಕ್ಕದನ್ನು ಹಾಕಿದೆ. ಚಳಿಯ ಬೆಳಿಗ್ಗೆಯೂ ಒಂದೇ ಸಲಕ್ಕೆ ಚಾಲೂ, ಸಿಗ್ನಲ್ಲಿನಲ್ಲಿ ಒಂದೇ ಸಮನೆ ಗುನುಗು, ಕಾಲು ಒತ್ತಿದೊಡನೆ ಓಟ. ನನಗೇ ತೂಕಡಿಕೆ ಬರುವಂತಿತ್ತು. ಅಪ್ಪ ಮಾತ್ರ ಕಣ್ಣು ಬಿಟ್ಟುಕೊಂಡೇ ಕೂತಿದ್ದರು.

“ಏನೋ ಸರಿಯಿಲ್ಲ. ಬಿಚ್ಚು.”

ಬಿಚ್ಚಿದೆ. ಪೆಟ್ರೋಲು ಚಿಮ್ಮಿಸುವ ಜೆಟ್ ಬದಲಿಸಿದೆ, ಅದರ ಮಟ್ಟ ಕಾಯುವ ಫ್ಲೋಟ್ ಸರಿಮಾಡಿದೆ, ಬೇರೆ ಬೇರೆ ಕಾರ್ಬುರೇಟರ್ ತಂದು ಹಾಕಿದೆ. ಬೆಂಚಿನ ಮೇಲೆ ರಾಶಿ ಬೆಳೆಯಿತು, ಅಪ್ಪನ ಕಣ್ಣ ಕೆಳಗಿನ ಕಪ್ಪೂ ಬೆಳೆಯಿತು. ಮನೆಯಲ್ಲೂ ಅವರು ಮಲಗುತ್ತಿರಲಿಲ್ಲ. ಕಾರು ಹಾಳಾಗಿ ಹೋಗಲಿ, ಈ ಮನುಷ್ಯ ಒಂದು ಗಳಿಗೆ ಕಣ್ಣು ಮುಚ್ಚಿದರೆ ಸಾಕು ಅನ್ನಿಸಿ ನನಗೆ ಅಳು ಬರುತ್ತಿತ್ತು.

ಒಂದು ಮಧ್ಯಾಹ್ನ ಹಟದಿಂದ ಆ ಚಿಕ್ಕದನ್ನೇ ಮತ್ತೆ ಹಾಕಿ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಗಾಜಿನ ಮೇಲೆ ಬಿಸಿಲು ಜಾರುತ್ತಿತ್ತು. ಮನೆ, ಮರ, ಅಂಗಡಿ ಎಲ್ಲ ನೀರಿನೊಳಗಿದ್ದಂತೆ ಮೆಲ್ಲಗೆ ತೇಲಿಹೋಗುತ್ತಿದ್ದವು. ಕನ್ನಡಿಯಲ್ಲಿ ಖಾಲಿಯಾದ ಹಿಂದಿನ ಸೀಟು ಕಂಡಿತು. ಅದು ಅಮ್ಮನ ಜಾಗ. ಪ್ರತಿ ಸಲ ಅಲ್ಲಿ ಕೂತು, ನಾದಿನಿಯ, ಅಂದರೆ ನಮ್ಮತ್ತೆಯ, ಬಿಂಕದಿಂದ ಹಿಡಿದು ಎದುರುಮನೆಯ ಪರದೆಯವರೆಗೆ ಬಾಯಿಗೆ ಬಿಡುವಿಲ್ಲದೆ ಮಾತಾಡುತ್ತಿದ್ದಳು. ಅಪ್ಪನಿಗೆ ನಿದ್ದೆ ತರುತ್ತಿದ್ದ ಸದ್ದು ಯಾವುದೆಂದು ನನಗೆ ಆಗ ಹೊಳೆಯಿತು. ಎಷ್ಟು ಕಾರ್ಬುರೇಟರ್‌ಗಳ ಮೇಲೆ ಸುಮ್ಮನೆ ಗೂಬೆ ಕೂರಿಸಿದ್ದೆವು!

“ಅಪ್ಪಾ, ಎದುರುಮನೆಯೋರು ಮತ್ತೆ ಪರದೆ ಬದಲಾಯ್ಸಿದಾರೆ, ನೋಡಿದ್ರಾ?”

“ಹ್ಞೂಂ.”

“ಹಸಿರು ಪರದೆ! ಆ ಗೋಡೆಗೆ ಹಸಿರು ಒಪ್ಪುತ್ತಾ ನೀವೇ ಹೇಳಿ. ಅತ್ತೆ ಏನಾದ್ರೂ ನೋಡಿದ್ರೆ ಮುಗೀತು, ತಮಗೂ ಅಂಥದ್ದೇ ಬೇಕು ಅಂತ ಕೂತ್ಕೋತಾರೆ…”

“ಆಮೇಲೆ?” ಅಂದರು ಅಪ್ಪ, ಕಣ್ಣು ಮುಚ್ಚಿಕೊಂಡು. ಅಮ್ಮನನ್ನು ಕೇಳುತ್ತಿದ್ದ ಹಾಗೆಯೇ ಕೇಳಿದರು.

ಆಮೇಲಿನದನ್ನು ಹೇಳುತ್ತಾ ಹೋದೆ. ಚಿಕ್ಕ ಕಾರ್ಬುರೇಟರ್ ಒಂದೇ ಸಮನೆ ಗುನುಗುತ್ತಿತ್ತು, ಅದರ ಮೇಲೆ ಸಣ್ಣಗೆ ಗೊರಕೆ ಎದ್ದಿತು.

ಗ್ಯಾರೇಜು ಬಂತು. ನಾನು ನಿಲ್ಲಿಸಲಿಲ್ಲ. ಎದುರುಮನೆಯ ಪರದೆ ಮುಗಿಸಿ ಪಕ್ಕದ ಮನೆಯ ಪರದೆಗೆ ಬಂದೆ.